ಬಿಸಿಲೇರುವ ಮುನ್ನ ಹೊಳೆದಂಡೆಯಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಹೊಳೆ ನೋಡಬೇಕು ಅಂದರೆ ನಮ್ಮ ಜನ ಮಳೆಗಾಲದಲ್ಲೇ ಹೊರಡುತ್ತಾರೆ. ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟರು ಅಂತ ಸುದ್ದಿ ಬಂದರೆ ಸಾಕು, ಶ್ರೀರಂಗಪಟ್ಟಣದ ಸೇತುವೆ ಮೇಲೆ ಕಾಲಿಡೋಕೆ ಜಾಗ ಇರುವುದಿಲ್ಲ. ಆ ಅಬ್ಬರವೂ ನೋಡುವಂಥದ್ದೇ. ಆದರೆ ಕಾವೇರಿಯ ಹತ್ತಿರ ಹೋಗಿ ಕೂರಬೇಕು ಅನ್ನಿಸಿದರೆ ಧನುರ್ಮಾಸದಲ್ಲಿ ಬನ್ನಿ. ಬೆಳಗಿನ ಆರು ಗಂಟೆಗೆ ಗಂಜಾಂನಿಂದ ಸಂಗಮದ ಕಡೆಗೆ ನಡೆಯಿರಿ. ಪಟ್ಟಣದ ಪಡುವಣ ದಿಕ್ಕಿನಲ್ಲಿ ಎರಡು ಕವಲಾಗಿ ಒಡೆದ ಹೊಳೆ, ಊರನ್ನು ಬಳಸಿ ಬಂದು ಮತ್ತೆ ಕೂಡುವುದು ಇಲ್ಲೇ.

ಮೊದಲು ಕಣ್ಣಿಗೆ ಬೀಳುವುದು ಹೊಳೆಯಲ್ಲ, ಮಂಜು. ನೀರಿನಿಂದ ಹಬೆ ಏಳುತ್ತಿರುತ್ತದೆ, ಒಲೆ ಮೇಲಿನ ಹಂಡೆಯ ಹಾಗೆ. ಒಮ್ಮೆ ಬಗ್ಗಿ ನೀರಿಗೆ ಕೈ ಅದ್ದಿ ನೋಡಿ. ಚಳಿಗೆ ಮರಗಟ್ಟಿದ ಬೆರಳಿಗೆ ಬೆಚ್ಚಗೆ ತಾಕುತ್ತದೆ! ರಾತ್ರಿಯಿಡೀ ಗಾಳಿ ಬೇಗ ತಣ್ಣಗಾಗುತ್ತದೆ. ನೀರು ಅಷ್ಟು ಬೇಗ ಶಾಖ ಬಿಟ್ಟುಕೊಡುವುದಿಲ್ಲ. ಬೆಚ್ಚಗಿನ ನೀರಿನ ಆವಿ ತಣ್ಣನೆ ಗಾಳಿಗೆ ತಾಗಿ ಸಣ್ಣ ಸಣ್ಣ ಹನಿಯಾಗುತ್ತದೆ. ಅದೇ ಈ ಮಂಜು. ಬಿಸಿಲು ಏರಿತು ಅಂದರೆ ಅದರ ಸುಳಿವೂ ಇರುವುದಿಲ್ಲ.

ಮಂಜು ತೆಳುವಾಗುವ ಹೊತ್ತಿಗೆ ಕಪ್ಪುಬಿಳಿ ಮಿಂಚುಳ್ಳಿ ಕೆಲಸಕ್ಕೆ ಇಳಿಯುತ್ತದೆ. ಇದು ಕೊಂಬೆ ಮೇಲೆ ಕೂತು ಕಾಯುವುದಷ್ಟೇ ಅಲ್ಲ, ಗಾಳಿಯಲ್ಲೇ ನಿಂತುಬಿಡುತ್ತದೆ. ರೆಕ್ಕೆ ಪಟಪಟ ಬಡಿಯುತ್ತದೆ, ಕೊಕ್ಕು ನೆಟ್ಟಗೆ ಕೆಳಗೆ. ತಲೆ ಮಾತ್ರ ಒಂಚೂರೂ ಅಲ್ಲಾಡುವುದಿಲ್ಲ. ನಾನು ಉಸಿರು ಬಿಗಿಹಿಡಿದು ಎಣಿಸುತ್ತೇನೆ. ಐದು, ಆರು, ಏಳು. ಆಮೇಲೆ ಕಲ್ಲು ಬಿದ್ದ ಹಾಗೆ ನೀರಿಗೆ. ಎಷ್ಟೋ ಸಲ ಬರಿಗೊಕ್ಕಲ್ಲೇ ಮೇಲೆ ಬರುತ್ತದೆ. ಮೈ ಕೊಡವಿ ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತದೆ.

ಹೊಳೆಯ ಮೇಲ್ಗಡೆ ರಂಗನತಿಟ್ಟು ಇದೆಯಲ್ಲ, ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಬೆಲೆ ಕೊಟ್ಟು ಮೈಸೂರು ಮಹಾರಾಜರು 1940ರಲ್ಲೇ ಅದನ್ನು ಪಕ್ಷಿಧಾಮ ಮಾಡಿದರು. ಅಲ್ಲಿನ ಹಕ್ಕಿಗೆ ಬೇಲಿ ಎಲ್ಲಿಯದು? ಇಡೀ ಹೊಳೆಯೇ ಅವುಗಳ ಊಟದ ಮನೆ.

ನಡುವೆ ಒಂದು ಬಂಡೆ ಹತ್ತಿರ ಸುಮ್ನೆ ಬಗ್ಗಿ ನೋಡಿ. ಒಣಗಿದ ಹಿಕ್ಕೆಯಲ್ಲಿ ಮೀನಿನ ಹುರುಪೆ ಮಿಣಮಿಣ ಅನ್ನುತ್ತಿದ್ದರೆ, ನೀರುನಾಯಿ ಇಲ್ಲಿಗೆ ಬಂದಿತ್ತು ಅಂತ ಅರ್ಥ. ನಾನು ನೀರುನಾಯಿ ಕಂಡದ್ದಕ್ಕಿಂತ ಅದರ ಈ ಗುರುತು ಕಂಡದ್ದೇ ಜಾಸ್ತಿ. ಆದರೂ ಪ್ರತಿ ಸಲ ಅಷ್ಟೇ ಖುಷಿ.

ಇನ್ನೊಂದು ಮಾತು, ದಯವಿಟ್ಟು ಕೇಳಿಸಿಕೊಳ್ಳಿ. ಈ ಹೊಳೆಯಲ್ಲಿ ಮೊಸಳೆ ಇವೆ. ಚಳಿಗೆ ಮೈ ಕಾಯಿಸಲು ಬಂಡೆ ಏರಿ ಮಲಗುತ್ತವೆ, ದೂರಕ್ಕೆ ಮರದ ಬೊಡ್ಡೆ ಥರ ಕಾಣುತ್ತವೆ. ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಡಬೇಡಿ. ಗೊತ್ತಿಲ್ಲದ ಮಡುವಿಗೆ ಮಕ್ಕಳನ್ನು ಇಳಿಸಬೇಡಿ.

ನನ್ನ ಎದೆ ಉರಿಯುವುದು ಬೇರೆ ಕಾರಣಕ್ಕೆ. ಕರ್ಮ ಮುಗಿಸಿದವರು ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟು ಹೋಗುತ್ತಾರೆ. ಒಂದು ಬೆಳಿಗ್ಗೆ ಹಳೇ ಸೀರೆಯೊಂದು ಬೇರಿಗೆ ಸುತ್ತಿಕೊಂಡು, ಅದರ ಮಡಿಕೆಯಲ್ಲಿ ಆಮೆಮರಿ ಸಿಕ್ಕಿಕೊಂಡಿತ್ತು. ಬಿಡಿಸುವಷ್ಟರಲ್ಲಿ ಕೈ ನಡುಗಿತು. ನಮ್ಮ ಹಿರಿಯರಿಗೆ ನಾವು ಬಿಡುವ ಎಳ್ಳುನೀರು ಸಾಲದೇ? ಬಟ್ಟೆಯನ್ನು ದಡದ ಮೇಲೇ ಇಟ್ಟುಹೋದರೂ ಯಾರಾದರೂ ಎತ್ತಿ ಹಾಕಬಹುದಲ್ವಾ?

ಸಂಗಮದ ಹತ್ತಿರ ಬರುವಾಗ ಎಂಟು ಗಂಟೆ. ತೆಪ್ಪದವರೊಬ್ಬರು ಬಲೆ ಎಳೆದು ದಡಕ್ಕೆ ಬಂದಿದ್ದರು. ಬುಟ್ಟಿಯ ತಳ ಇನ್ನೂ ಕಾಣುತ್ತಿತ್ತು.

"ಏನಣ್ಣ, ಇಷ್ಟೇನಾ?" ಅಂದೆ.

"ಚಳೀಲಿ ಮೀನು ತಳ ಬಿಟ್ಟು ಏಳಾಕಿಲ್ಲ ಕಣಣ್ಣ. ಬಿಸ್ಲು ಏರ್ಲಿ, ಕೂತ್ಕೊ," ಅಂದರು.

ತೆಪ್ಪವನ್ನು ಬೋರಲು ಹಾಕಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕಲ್ಲು ಒರೆಸಿದರು. ಇಬ್ಬರೂ ಬಿಸಿಲಿಗೆ ಬೆನ್ನು ಕೊಟ್ಟು ಕೂತೆವು.

ನಮಸ್ಕಾರ.