ದೂರದಲ್ಲಿ ಕುಳಿತು ಇನ್ನೊಬ್ಬರ ಕಚೇರಿ ನಡೆಸುವ ಕೆಲಸ

ಕೇಳುಗ ಮಿತ್ರರಿಗೆ ನಮಸ್ಕಾರ.

ಒಬ್ಬ ವಕೀಲರೋ, ಸಲಹೆಗಾರರೋ, ಸಣ್ಣ ಉದ್ದಿಮೆ ನಡೆಸುವವರೋ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ನೂರಾರು ಇ-ಮೇಲ್‌ಗಳು ಕಾದಿರುತ್ತವೆ. ಅವುಗಳಲ್ಲಿ ಅವರೇ ಉತ್ತರಿಸಬೇಕಾದವು ಹತ್ತೋ ಹನ್ನೆರಡೋ ಇರಬಹುದು. ಉಳಿದವನ್ನು ವಿಂಗಡಿಸುವುದು, ಭೇಟಿಯ ಸಮಯ ಗೊತ್ತುಮಾಡುವುದು, ಪ್ರಯಾಣದ ಟಿಕೆಟ್ ಕಾಯ್ದಿರಿಸುವುದು, ಬಾಕಿ ಉಳಿದ ಬಿಲ್ಲುಗಳನ್ನು ನೆನಪಿಸುವುದು, ಇವೆಲ್ಲವನ್ನೂ ಬೇರೊಬ್ಬರು ಮಾಡಿಕೊಡಬಹುದು. ಹಾಗೆ ಮಾಡಿಕೊಡುವವರು ಅದೇ ಕೋಣೆಯಲ್ಲಿ ಕೂರಬೇಕಾಗಿಲ್ಲ, ಅದೇ ದೇಶದಲ್ಲಿ ಇರಬೇಕಾಗಿಯೂ ಇಲ್ಲ. ಅವರನ್ನೇ ವರ್ಚುವಲ್ ಅಸಿಸ್ಟೆಂಟ್ ಎಂದು ಕರೆಯುತ್ತಾರೆ. ಯಾವ ಕಂಪನಿಯ ನೌಕರಿಯೂ ಇಲ್ಲದೆ, ಸ್ವತಂತ್ರವಾಗಿ ಈ ಕೆಲಸ ಮಾಡಿಕೊಂಡು ಬಂದವಳಾಗಿ, ಇದನ್ನು ಜೀವನೋಪಾಯವಾಗಿ ಆರಿಸಿಕೊಳ್ಳಲು ಬಯಸುವವರ ಮುಂದೆ ಕೆಲವು ಮಾತುಗಳನ್ನು ಇಡುತ್ತೇನೆ.

ಈ ಕೆಲಸಕ್ಕೆ ವೇಗವಾಗಿ ಟೈಪ್ ಮಾಡಲು ಬಂದರೆ ಸಾಕು ಎಂದು ಭಾವಿಸುವವರಿದ್ದಾರೆ. ನನ್ನ ಅನುಭವ ಬೇರೆ. ನಮ್ಮ ಕೈಗೆ ಕೆಲಸ ಒಪ್ಪಿಸಿದವರು ಅದನ್ನು ಮತ್ತೆ ನೆನಪಿಟ್ಟುಕೊಳ್ಳುವ ಅಗತ್ಯವೇ ಇರಬಾರದು. ಅವರು ಹಣ ಕೊಡುವುದು ಆ ನಿಶ್ಚಿಂತೆಗೆ. 'ಆ ಕೆಲಸ ಏನಾಯಿತು' ಎಂದು ಅವರು ಕೇಳುವ ಹಾಗಾದರೆ, ಕೆಲಸ ಮುಗಿದಿದ್ದರೂ ಅರ್ಧ ಕೆಟ್ಟಂತೆಯೇ ಎಂದು ನಾನು ಎಣಿಸುತ್ತೇನೆ. ಆದ್ದರಿಂದ ದಿನದ ಕೊನೆಯಲ್ಲಿ ಮುಗಿದದ್ದು ಇಷ್ಟು, ಉಳಿದದ್ದು ಇಷ್ಟು, ನಿಮ್ಮ ತೀರ್ಮಾನಕ್ಕೆ ಕಾದಿರುವುದು ಇಷ್ಟು ಎಂದು ನಾಲ್ಕು ಸಾಲು ಬರೆದು ಕಳಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು.

ಮೊದಲ ಗ್ರಾಹಕರು ಎಲ್ಲಿ ಸಿಗುತ್ತಾರೆ ಎಂಬ ಪ್ರಶ್ನೆ ಸಹಜ. 1999ರಲ್ಲಿ ಆರಂಭವಾದ ಈಲ್ಯಾನ್ಸ್ ಮತ್ತು 2003ರಲ್ಲಿ ಬಂದ ಓಡೆಸ್ಕ್ ಎಂಬ, ಕೆಲಸ ಕೊಡುವವರನ್ನೂ ಮಾಡುವವರನ್ನೂ ಸೇರಿಸುವ ಎರಡು ಆನ್‌ಲೈನ್ ತಾಣಗಳು ಮುಂದೆ ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. ಅಂಥದೇ ಇನ್ನೊಂದು ತಾಣವಾದ ಫೈವರ್ 2010ರಲ್ಲಿ ಹುಟ್ಟಿತು. ಇಂಥ ತಾಣಗಳಲ್ಲಿ ಕೆಲಸ ಸಿಗುತ್ತದೆ, ಆದರೆ ಗಳಿಕೆಯ ಒಂದು ಭಾಗವನ್ನು ತಾಣ ಹಿಡಿದುಕೊಳ್ಳುತ್ತದೆ. ಫೈವರ್‌ನಲ್ಲಿ ಅದು ಶೇಕಡಾ 20ರಷ್ಟು. ಹೆಸರು ಗಳಿಸುವವರೆಗೆ ಅಲ್ಲಿರುವುದರಲ್ಲಿ ತಪ್ಪಿಲ್ಲ. ಬದುಕನ್ನು ಹಿಡಿದು ನಿಲ್ಲಿಸುವುದು ಮಾತ್ರ ಒಬ್ಬ ಗ್ರಾಹಕರು ಇನ್ನೊಬ್ಬರಿಗೆ ಹೇಳುವ ಒಳ್ಳೆಯ ಮಾತು. ಕೆಲಸ ಕೊಡುವ ಮೊದಲೇ ನೋಂದಣಿ ಶುಲ್ಕವನ್ನೋ ಠೇವಣಿಯನ್ನೋ ಕೇಳುವವರು ಎದುರಾದರೆ, ಅದು ಮೋಸವೆಂದು ತಿಳಿದು ಅಲ್ಲಿಂದಲೇ ಹಿಂದೆ ಸರಿಯಿರಿ.

ದರ ನಿಗದಿಯಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ. ವಾರಕ್ಕೆ 40 ಗಂಟೆಯಂತೆ 52 ವಾರಗಳಿಗೆ ವರ್ಷದಲ್ಲಿ 2,080 ಗಂಟೆಗಳಾಗುತ್ತವೆ. ನೌಕರಿಯಲ್ಲಿರುವವರಿಗೆ ರಜೆಯ ದಿನಗಳೂ ಸೇರಿ ಅಷ್ಟಕ್ಕೂ ಸಂಬಳ ಬರುತ್ತದೆ. ನಮಗೆ ಹಾಗಲ್ಲ. ರಜೆ, ಕಾಯಿಲೆ, ಕೆಲಸವಿಲ್ಲದ ದಿನಗಳೆಂದು ಆರು ವಾರ ಕಳೆದು, ಉಳಿದ 46 ವಾರಗಳಲ್ಲಿಯೂ ಗ್ರಾಹಕರನ್ನು ಹುಡುಕಲು, ಲೆಕ್ಕ ಬರೆಯಲು, ಹೊಸದನ್ನು ಕಲಿಯಲು ಹೋಗುವ ಹೊತ್ತನ್ನು ಬಿಟ್ಟರೆ, ಬಿಲ್ ಮಾಡಬಹುದಾದದ್ದು ವಾರಕ್ಕೆ 25 ಗಂಟೆ ಎಂದಿಟ್ಟುಕೊಳ್ಳೋಣ. ಆಗ ವರ್ಷಕ್ಕೆ ಸಿಗುವುದು 1,150 ಗಂಟೆ ಮಾತ್ರ. ಎಂದರೆ, ನೌಕರಿಯ ಸಂಬಳವನ್ನು ಗಂಟೆಗೆ ಭಾಗಿಸಿದರೆ ಬರುವ ಮೊತ್ತದ ಹೆಚ್ಚುಕಡಿಮೆ ಎರಡು ಪಟ್ಟನ್ನು ನಮ್ಮ ಗಂಟೆಯ ದರವಾಗಿ ಕೇಳಿದರೆ ತಾನೇ ಇಬ್ಬರದೂ ಸರಿಸಮ? ತೆರಿಗೆ, ವಿಮೆ, ಕಂಪ್ಯೂಟರ್ ಮತ್ತು ಇಂಟರ್ನೆಟ್ ಖರ್ಚು ಇನ್ನೂ ಇದರಲ್ಲಿ ಸೇರಿಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದವರು ಕಡಿಮೆ ದರ ಹೇಳಲು ಮತ್ತೆಂದೂ ಒಪ್ಪಲಾರರು.

ಗಂಟೆಯ ಲೆಕ್ಕಕ್ಕಿಂತ ತಿಂಗಳಿಗೆ ಇಂತಿಷ್ಟು ಗಂಟೆಗೆ ಇಂತಿಷ್ಟು ಎಂದು ಮುಂಗಡವಾಗಿ ಪಡೆಯುವ ರಿಟೈನರ್ ವ್ಯವಸ್ಥೆಯೇ ನನಗೆ ಒಳ್ಳೆಯದೆಂದು ಕಂಡಿದೆ. ಬಳಸದೆ ಉಳಿದ ಗಂಟೆಗಳು ಮುಂದಿನ ತಿಂಗಳಿಗೆ ಸೇರುತ್ತವೆಯೋ ಇಲ್ಲವೋ, ತುರ್ತು ಕೆಲಸಕ್ಕೆ ಬೇರೆ ದರವಿದೆಯೋ, ಸಂದೇಶಗಳಿಗೆ ಎಷ್ಟು ಹೊತ್ತಿನೊಳಗೆ ಉತ್ತರಿಸಬೇಕು ಎಂಬುದನ್ನೆಲ್ಲ ಒಪ್ಪಂದದಲ್ಲಿ ಬರೆದಿರಬೇಕು. ಬರೆಯದಿದ್ದರೆ 'ಇದೊಂದು ಸಣ್ಣ ಕೆಲಸ ಇತ್ತು' ಎಂಬ ಮಾತಿನೊಂದಿಗೆ ಬರುವ ಕೆಲಸಗಳು ಒಂದೊಂದಾಗಿ ಸೇರಿ ರಾತ್ರಿಯ ನಿದ್ದೆಯನ್ನು ತಿನ್ನುತ್ತವೆ. ಒಬ್ಬರೇ ಗ್ರಾಹಕರನ್ನು ನೆಚ್ಚಿಕೊಂಡಿರುವುದೂ ಅಪಾಯ. ಅವರು ಕೈಬಿಟ್ಟ ದಿನ ಇಡೀ ಆದಾಯವೇ ನಿಲ್ಲುತ್ತದೆ.

ಇನ್ನು ಸಮಯದ ವಿಷಯ. ಇದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ನ್ಯೂಯಾರ್ಕ್ ಮತ್ತು ಲಂಡನ್ನಿನ ನಡುವೆ ಐದು ಗಂಟೆಗಳ ಅಂತರವೆಂಬುದು ನನಗೆ ಬಾಯಿಪಾಠವಾಗಿತ್ತು. ಒಂದು ಮಾರ್ಚ್ ತಿಂಗಳಲ್ಲಿ ಎರಡೂ ಊರುಗಳ ಜನರನ್ನು ಸೇರಿಸಿ ಒಂದು ಸಭೆಗೆ ಹೊತ್ತು ಗೊತ್ತುಮಾಡಿದೆ. ಬೇಸಿಗೆಯ ಹಗಲು ಬೆಳಕನ್ನು ಬಳಸಿಕೊಳ್ಳಲೆಂದು ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಮಾರ್ಚ್ ತಿಂಗಳ ಎರಡನೆಯ ಭಾನುವಾರ. ಬ್ರಿಟನ್ನಿನಲ್ಲಿ ಅದೇ ತಿಂಗಳ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಅಂತರ ನಾಲ್ಕೇ ಗಂಟೆ. ಲಂಡನ್ನಿನಲ್ಲಿದ್ದವರು ನಾನು ಬರೆದು ಕಳಿಸಿದ ಹೊತ್ತಿಗೆ ಸರಿಯಾಗಿ ಬಂದರು. ಅಷ್ಟರಲ್ಲಿ ನ್ಯೂಯಾರ್ಕಿನಲ್ಲಿದ್ದ ನನ್ನ ಗ್ರಾಹಕರು ಒಂದು ಗಂಟೆ ಒಬ್ಬರೇ ಕಾದು ಎದ್ದುಹೋಗಿದ್ದರು. ಅವರು ನನ್ನನ್ನು ಗದರಲಿಲ್ಲ, ಆದರೆ ಮುಂದಿನ ಒಂದು ತಿಂಗಳು ಪ್ರತಿಯೊಂದು ಸಭೆಯ ಸಮಯವನ್ನೂ ಅವರೇ ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದರು. ಆ ನೋವು ನನಗೆ ಇಂದಿಗೂ ಇದೆ. ಅಂದಿನಿಂದ ನಾನು ಅಂತರವನ್ನು ಮನಸ್ಸಿನಲ್ಲಿ ಲೆಕ್ಕ ಹಾಕುವುದಿಲ್ಲ. ಕ್ಯಾಲೆಂಡರಿನಲ್ಲಿ ಸಭೆ ನಮೂದಿಸುವಾಗ ಊರಿನ ಹೆಸರಿನ ಟೈಮ್ ಝೋನ್ ಆರಿಸಿ, ಆಹ್ವಾನದಲ್ಲಿ ಎರಡೂ ಊರುಗಳ ಸಮಯವನ್ನು ಬರೆಯುತ್ತೇನೆ. ಗಡಿಯಾರಗಳನ್ನು ಮತ್ತೆ ಹಿಂದಿಡುವ ಅಕ್ಟೋಬರ್ ಕೊನೆಯಲ್ಲಿಯೂ ಇಂಥದೇ ಒಂದು ವಾರ ಬರುತ್ತದೆಂದು ನೆನಪಿರಲಿ.

ಗ್ರಾಹಕರ ಪಾಸ್‌ವರ್ಡ್ ನಮ್ಮ ಕೈಗೆ ಬರದಿದ್ದಷ್ಟೂ ಇಬ್ಬರಿಗೂ ಕ್ಷೇಮ. ಜಿಮೇಲ್‌ನಲ್ಲಿ ಖಾತೆಯ ಒಡೆಯರು ಇನ್ನೊಬ್ಬರನ್ನು ಪ್ರತಿನಿಧಿಯಾಗಿ ಸೇರಿಸಬಹುದು. ಆಗ ನಾವು ನಮ್ಮ ಖಾತೆಯಿಂದಲೇ ಅವರ ಮೇಲ್ ಓದಿ ಉತ್ತರಿಸಬಹುದು, ಅವರ ಪಾಸ್‌ವರ್ಡ್ ಬದಲಿಸಲು ಮಾತ್ರ ಆಗುವುದಿಲ್ಲ. ಅಂಥ ಸೌಲಭ್ಯ ಇಲ್ಲದ ಕಡೆ, ಪಾಸ್‌ವರ್ಡ್‌ಗಳನ್ನು ಭದ್ರವಾಗಿಟ್ಟು ಹಂಚಿಕೊಳ್ಳಲು ನೆರವಾಗುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶ ಬಳಸಬೇಕು. ಚಾಟ್‌ನಲ್ಲಿ ಬರೆದು ಕಳಿಸುವುದನ್ನು ಅವರು ಒಪ್ಪಿದರೂ ನಾವು ಒಪ್ಪಬಾರದು. ಪತ್ರದ ಕರಡು ತಯಾರಿಸಲು ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಈಗ ಎಲ್ಲರೂ ಬಳಸುತ್ತಾರೆ, ಆದರೆ ಗ್ರಾಹಕರ ಅನುಮತಿಯಿಲ್ಲದೆ ಅವರ ಪತ್ರವ್ಯವಹಾರವನ್ನು ಅಲ್ಲಿ ಹಾಕುವುದು ವಿಶ್ವಾಸಭಂಗ.

ಹಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಸಂಜೆ, ಕಚೇರಿ ಮುಚ್ಚುವ ಹೊತ್ತಿಗೆ, ಗ್ರಾಹಕರ ಹೆಸರಿನಲ್ಲಿಯೇ ಒಂದು ಮೇಲ್ ಬರುತ್ತದೆ: 'ಸಾಮಗ್ರಿ ಒದಗಿಸುವವರ ಬ್ಯಾಂಕ್ ಖಾತೆ ಬದಲಾಗಿದೆ, ಇಂದೇ ಹಣ ಕಳಿಸಿ, ನಾನು ಸಭೆಯಲ್ಲಿದ್ದೇನೆ, ಫೋನ್ ಮಾಡಬೇಡಿ.' ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿದರೆ ಎಲ್ಲೋ ಒಂದು ಅಕ್ಷರ ಬೇರೆಯಾಗಿರುತ್ತದೆ. ಕೆಲವೊಮ್ಮೆ ವಿಳಾಸವೂ ಸರಿಯಾಗಿರುತ್ತದೆ, ಏಕೆಂದರೆ ಖಾತೆಗೇ ಕನ್ನ ಬಿದ್ದಿರುತ್ತದೆ. ಆದ್ದರಿಂದ ಖಾತೆ ಸಂಖ್ಯೆ ಬದಲಾದ ಯಾವ ಪಾವತಿಯನ್ನೂ, ಮೊದಲಿನಿಂದ ನಮ್ಮ ಬಳಿ ಇರುವ ಸಂಖ್ಯೆಗೆ ಕರೆ ಮಾಡಿ ಅವರ ದನಿ ಕೇಳುವವರೆಗೆ ಮಾಡುವುದಿಲ್ಲವೆಂದು ಒಪ್ಪಂದದಲ್ಲಿಯೇ ಬರೆದಿಡಿ. ಆಗ ಕರೆ ಮಾಡಲು ಸಂಕೋಚವೂ ಇರುವುದಿಲ್ಲ.

ಪ್ರತಿಯೊಬ್ಬ ಗ್ರಾಹಕರಿಗೂ ಒಂದೊಂದು ಕೈಪಿಡಿ ಬರೆಯುತ್ತಾ ಹೋಗಿ: ಇನ್‌ವಾಯ್ಸ್ ಯಾವ ದಿನ ಹೋಗಬೇಕು, ಯಾರ ಕರೆಯನ್ನು ಕೂಡಲೇ ದಾಟಿಸಬೇಕು, ಯಾವ ಕಡತ ಎಲ್ಲಿದೆ ಎಂಬ ವಿವರಗಳೆಲ್ಲ ಅದರಲ್ಲಿರಲಿ. ನಮಗೆ ಜ್ವರ ಬಂದ ದಿನ ಇದೇ ಕೆಲಸ ಬಲ್ಲ ಗೆಳೆಯರೊಬ್ಬರು ಗ್ರಾಹಕರ ಒಪ್ಪಿಗೆಯಿಂದ ಅದನ್ನು ನೋಡಿಕೊಂಡೇ ಕೆಲಸ ಸಾಗಿಸಬಲ್ಲರು. ಗ್ರಾಹಕರೊಡನೆ ಒಪ್ಪಂದ ಮುಗಿದ ದಿನವೂ ಅದೇ ಕೈಪಿಡಿಯ ಕೊನೆಯ ಪುಟ ಕೆಲಸಕ್ಕೆ ಬರುತ್ತದೆ. ನಮಗೆ ಪ್ರವೇಶವಿರುವ ಖಾತೆಗಳ ಪಟ್ಟಿ ಅಲ್ಲಿರಬೇಕು. ಗ್ರಾಹಕರೊಡನೆ ವಿಡಿಯೊ ಕರೆಯಲ್ಲಿ ಕುಳಿತು, ಮೇಲ್, ಕ್ಯಾಲೆಂಡರ್, ಕಡತಗಳು ಎಂದು ಒಂದೊಂದರಿಂದಲೂ ನಮ್ಮ ಹೆಸರನ್ನು ಅವರ ಕೈಯಿಂದಲೇ ತೆಗೆಸಿ, ಪಟ್ಟಿಯಲ್ಲಿ ಅದಕ್ಕೆ ಗೆರೆ ಎಳೆದು, ಗೆರೆ ಎಳೆದ ಆ ಪುಟವನ್ನು ಕೊನೆಯ ಬಿಲ್ಲಿನೊಂದಿಗೆ ಅವರಿಗೆ ಕಳಿಸಿಕೊಡಿ.

ನಮಸ್ಕಾರ.