ಒಂದೇ ಗುಚ್ಛ, ಹಲವು ಪೀಳಿಗೆ: ಗೋಳಗುಚ್ಛಗಳ ರಾಸಾಯನಿಕ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಗೋಳಾಕಾರದ ನಕ್ಷತ್ರಗುಚ್ಛ ಎಂದರೆ ಒಂದೇ ಮೋಡದಿಂದ ಒಂದೇ ಸಲ ಹುಟ್ಟಿದ ಲಕ್ಷಾಂತರ ನಕ್ಷತ್ರಗಳು ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಟ್ಟವು. ಕಬ್ಬಿಣವನ್ನಷ್ಟೇ ಅಳೆದರೆ ಮಾತು ಬಹುಮಟ್ಟಿಗೆ ನಿಜ. 47 ಟುಕಾನೆ ಎಂಬ ಗುಚ್ಛದ ಯಾವ ನಕ್ಷತ್ರವನ್ನು ನೋಡಿದರೂ ಕಬ್ಬಿಣ ಸೂರ್ಯನಲ್ಲಿರುವುದರ ಸುಮಾರು ಐದನೇ ಒಂದು ಪಾಲು. ಎಂ 92 ಗುಚ್ಛದಲ್ಲಿ ಇನ್ನೂರರಲ್ಲಿ ಒಂದು ಪಾಲು. ಒಮೆಗಾ ಸೆಂಟಾರಿ ಗುಚ್ಛದಲ್ಲಿ ಕಬ್ಬಿಣವೂ ನಕ್ಷತ್ರದಿಂದ ನಕ್ಷತ್ರಕ್ಕೆ ಬದಲಾಗುತ್ತದೆ, ಅದನ್ನು ಇವತ್ತು ಬದಿಗಿಡೋಣ. ತಕರಾರು ಶುರುವಾಗುವುದು ಹಗುರ ಧಾತುಗಳಲ್ಲಿ: ಒಂದೇ ಗುಚ್ಛದೊಳಗೆ ಸೋಡಿಯಂ ಏರಿದ ನಕ್ಷತ್ರಗಳಲ್ಲಿ ಆಮ್ಲಜನಕ ಇಳಿದಿರುತ್ತದೆ.

ಇದನ್ನು ಅಳೆಯುವುದು ಸಲೀಸಲ್ಲ. ಕರೀನಾ ಪುಂಜದ ಎನ್‌ಜಿಸಿ 2808 ಗುಚ್ಛವನ್ನೇ ತೆಗೆದುಕೊಳ್ಳಿ. ಆಮ್ಲಜನಕಕ್ಕೆ ಸಾಮಾನ್ಯವಾಗಿ ನೆಚ್ಚುವುದು ಕೆಂಪು ದೈತ್ಯಗಳ (ಉಬ್ಬಿ ತಂಪಾದ ಮುದಿ ನಕ್ಷತ್ರಗಳ) ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ, 6300 ಆಂಗ್‌ಸ್ಟ್ರಾಮ್‌ನಲ್ಲಿರುವ ಬಡಕಲು ರೇಖೆಯನ್ನು. ನಮ್ಮ ವಾತಾವರಣದ ಆಮ್ಲಜನಕವೂ ರಾತ್ರಿಯಿಡೀ ಅಲ್ಲೇ ಮಿನುಗುತ್ತದೆ. ಪುಣ್ಯಕ್ಕೆ ಗುಚ್ಛ ಸೆಕೆಂಡಿಗೆ ಸುಮಾರು 100 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿದೆ; ರೇಖೆ 2 ಆಂಗ್‌ಸ್ಟ್ರಾಮ್‌ನಷ್ಟು ಕೆಂಪಿನ ಕಡೆ ಜರುಗಿ ಬಚಾವಾಗುತ್ತದೆ. ಅಕ್ಕಪಕ್ಕದಲ್ಲಿ ವಾತಾವರಣವೇ ಮೂಡಿಸುವ ಹೀರಿಕೆ ರೇಖೆಗಳು ಬೇರೆ. ಅದೇ ರಾತ್ರಿ ವೇಗವಾಗಿ ತಿರುಗುವ ಒಂದು ಬಿಸಿ ನಕ್ಷತ್ರದ ರೋಹಿತ ಪಡೆದು, ಅದರಿಂದ ಭಾಗಿಸಿ ಅವನ್ನು ತೆಗೆಯಬೇಕು. ಸೋಡಿಯಂಗೆ ಕಣ್ಣಿಗೆ ಹೊಡೆಯುವ ಹಳದಿ ಜೋಡಿಯನ್ನು ನೆಚ್ಚಬೇಡಿ: ಅದು ದೈತ್ಯಗಳಲ್ಲಿ ತುಂಬಿ ತುಳುಕಿರುತ್ತದೆ, ಸೋಡಿಯಂ ಹೆಚ್ಚಿದರೂ ರೇಖೆ ಅಷ್ಟಾಗಿ ಬದಲಾಗದು, ದಾರಿಯಲ್ಲಿರುವ ಅನಿಲವೂ ತನ್ನ ಪಾಲು ಸೇರಿಸುತ್ತದೆ. 5682, 5688 ಅಥವಾ 6154, 6160ರ ಜೋಡಿಗಳೇ ಮೇಲು.

ದೈತ್ಯ ನಕ್ಷತ್ರ ತನ್ನ ಒಡಲಿನ ಸರಕನ್ನು ತಾನೇ ಕದಡಿ ಮೇಲಕ್ಕೆ ತಂದಿರಬಹುದಲ್ಲ? ಈ ಪ್ರಶ್ನೆಗೆ 2001ರಲ್ಲಿ ಉತ್ತರ ಸಿಕ್ಕಿತು. ಎನ್‌ಜಿಸಿ 6752ರಲ್ಲಿ ಇನ್ನೂ ದೈತ್ಯವಾಗದ, ಮುಖ್ಯ ಶ್ರೇಣಿಯ (ಒಡಲ ನಡುವೆ ಹೈಡ್ರೋಜನ್ ಉರಿಸುವ ಹಂತದ) ಕೊನೆಯ ತಿರುವಿನಲ್ಲಿರುವ ನಕ್ಷತ್ರಗಳಲ್ಲೂ ಅದೇ ಏರಿಳಿತ ಕಂಡಿತು. ನಿಯಾನ್ ಸೋಡಿಯಂ ಆಗಲು ಸುಮಾರು 4 ಕೋಟಿ ಕೆಲ್ವಿನ್ ಬೇಕು. ಅಂಥ ಪುಟ್ಟ ನಕ್ಷತ್ರದ ಒಲೆಗೆ ಅಷ್ಟು ಕಾವಿಲ್ಲ. ಹಾಗಾದರೆ ಸರಕು ಹೊರಗಿನದು, ಹುಟ್ಟುವಾಗಲೇ ಬಂದದ್ದು.

ನಿಯಾನ್ ಸೋಡಿಯಂ ಆಗುವುದು ಹೈಡ್ರೋಜನ್ ಉರಿಯುವಾಗ; ಹೈಡ್ರೋಜನ್ ಉರಿದರೆ ಹೀಲಿಯಂ ಉಳಿಯಲೇಬೇಕು. 2007ರಲ್ಲಿ ಹಬಲ್ ಚಿತ್ರಗಳಲ್ಲಿ ಎನ್‌ಜಿಸಿ 2808ರ ಮುಖ್ಯ ಶ್ರೇಣಿ, ಅಂದರೆ ಬಣ್ಣ-ಹೊಳಪಿನ ನಕ್ಷೆಯಲ್ಲಿ ಆ ಹಂತದ ನಕ್ಷತ್ರಗಳು ಮೂಡಿಸುವ ಗೆರೆ, ಮೂರಾಗಿ ಸೀಳಿತು. ಕಬ್ಬಿಣದಲ್ಲಿ ವ್ಯತ್ಯಾಸವಿಲ್ಲ, ಆದ್ದರಿಂದ ಹೀಲಿಯಂನ ತೂಕದ ಪಾಲು ಸುಮಾರು 0.25, 0.30, 0.37 ಎಂದು ಹಂಚಬೇಕಾಯಿತು. ತಂಪು ನಕ್ಷತ್ರದ ಗೋಚರ ರೋಹಿತದಲ್ಲಿ ಹೀಲಿಯಂ ಕಾಣದು. ಸಮತಲ ಶಾಖೆಯ (ಕೆಂಪು ದೈತ್ಯ ಹಂತ ದಾಟಿ ಒಡಲಲ್ಲಿ ಹೀಲಿಯಂ ಉರಿಸುವ) ಬಿಸಿ ನಕ್ಷತ್ರಗಳಲ್ಲಿ ಕಂಡರೂ 11,500 ಕೆಲ್ವಿನ್ ದಾಟಿದರೆ ಅದು ತಳಕ್ಕಿಳಿದು ಅಳತೆ ಸುಳ್ಳಾಗುತ್ತದೆ. ಈ ಬಿಸಿ ನಕ್ಷತ್ರಗಳು ನೇರಳಾತೀತದಲ್ಲೇ ಬೆಳಗುವುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮುಂದಾಳತ್ವದಲ್ಲಿ ತಯಾರಾದ, ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ನೇರಳಾತೀತ ದೂರದರ್ಶಕ ಈ ಗುಚ್ಛವನ್ನೂ ನೋಡಿದೆ.

ಎರಡನೇ ಪೀಳಿಗೆಗೆ, ಅಂದರೆ ಸೋಡಿಯಂ ಏರಿದ ನಕ್ಷತ್ರಗಳಿಗೆ, ಸರಕು ಕೊಟ್ಟವರು ಯಾರು? ಸೂರ್ಯನ ಐದಾರು ಪಟ್ಟು ತೂಕದ ಮುದಿ ದೈತ್ಯಗಳು ಎಂಬುದು ಒಂದು ವಾದ. ನನಗೆ ಇಲ್ಲಿ ಲೆಕ್ಕವೇ ತಾಳೆಯಾಗದು. ಎನ್‌ಜಿಸಿ 2808ರಲ್ಲಿ ಮೊದಲ ಪೀಳಿಗೆ ಕಾಲುಭಾಗದಷ್ಟೂ ಉಳಿದಿಲ್ಲ. ಆ ದೈತ್ಯಗಳು ಉಗುಳುವುದೋ ಒಂದು ಪೀಳಿಗೆಯ ಒಟ್ಟು ತೂಕದ ಹತ್ತನೇ ಒಂದರಷ್ಟೂ ಅಲ್ಲ. ಗುಚ್ಛ ಮೊದಲು ಹತ್ತಾರು ಪಟ್ಟು ದೊಡ್ಡದಿತ್ತು, ಹಳಬರು ಚದುರಿಹೋದರು ಎನ್ನಬೇಕಾಗುತ್ತದೆ. ಆದರೆ ಫೋರ್ನ್ಯಾಕ್ಸ್ ಕುಬ್ಜ ಗೆಲಾಕ್ಸಿಯಲ್ಲಿ ಲೋಹ (ಹೀಲಿಯಂಗಿಂತ ಭಾರದ ಧಾತುಗಳು) ತೀರ ಕಡಿಮೆಯಿರುವ ನಕ್ಷತ್ರಗಳಲ್ಲಿ ಐದನೇ ಒಂದು ಪಾಲು ಇಂದಿಗೂ ಗುಚ್ಛಗಳಲ್ಲೇ ಇದೆ. ಹೊರಗಿರುವವರೆಲ್ಲರೂ ಅಲ್ಲಿಂದಲೇ ಬಂದವರೆಂದು ಒಪ್ಪಿದರೂ ಅಲ್ಲಿನ ಗುಚ್ಛಗಳು ಮೊದಲು ಈಗಿನ ಐದು ಪಟ್ಟಿಗಿಂತ ದೊಡ್ಡವಾಗಿದ್ದಿರಲಾರವು.