ಮಸ್ಕಿಯ ಮಣ್ಣುಗೋಡೆ ಮತ್ತು ಒಂದು ಹಗೇವು

ಈಗ ನೀವು ನೋಡುತ್ತಿರುವುದು ಮಸ್ಕಿಯಲ್ಲಿ ಉತ್ಖನನಕ್ಕೆ ತೋಡಿದ ಗುಂಡಿಯ ಗೋಡೆ. ನಿಧಿಯ ಆಸೆಯಿಂದ ಬಂದವರು ಇಲ್ಲಿಂದಲೇ ಹೊರಡಬಹುದು. ಮುಂದೆಲ್ಲ ಬರೀ ಮಣ್ಣು. ಮಸ್ಕಿ ಎಂದರೆ ಎಲ್ಲರಿಗೂ 1915ರಲ್ಲಿ ಸಿಕ್ಕಿದ ಅಶೋಕನ ಶಾಸನ. ಆದರೆ 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಇಲ್ಲಿ ಅಗೆಸಿ, ನವಶಿಲಾಯುಗದಿಂದ ಮಧ್ಯಯುಗದವರೆಗೆ ನಾಲ್ಕು ಕಾಲಘಟ್ಟಗಳನ್ನು ಗುರುತಿಸಿದ್ದು ಇಂಥ ಗೋಡೆಗಳನ್ನು ಓದಿ.

ಕರಣೆಯಿಂದ ಗೋಡೆಯನ್ನು ಕೆರೆದು ನೀರು ಸಿಂಪಡಿಸಿದ್ದೇವೆ. ನೋಡಿ, ಬಣ್ಣ ಎದ್ದಿತು! ರಾಯಚೂರಿನ ಬಿಸಿಲಿಗೆ ಇದು ಬೇಗ ಆರಿಹೋಗುತ್ತದೆ. ಅಷ್ಟರೊಳಗೆ ಮಣ್ಣಿನ ಪದರಗಳ ನಡುವೆ ಕರಣೆಯ ತುದಿಯಿಂದ ಗೆರೆ ಎಳೆದುಬಿಡಬೇಕು. ಮೇಲಿನಿಂದ ಒಂದು, ಎರಡು, ಮೂರು, ನಾಲ್ಕು. ತಳದಲ್ಲಿ ಮನುಷ್ಯ ಮುಟ್ಟದ ಗರಸು.

ಎಡಕ್ಕೆ ಕಾಣುವ ಆ ಸಡಿಲ ಮಣ್ಣನ್ನು ನಾವು ಕಸದ ಗುಂಡಿ ಎಂದುಕೊಳ್ಳುವಷ್ಟರಲ್ಲಿ, ಬುಟ್ಟಿ ಹೊರುತ್ತಿದ್ದ ಅಜ್ಜ ಒಂದು ನೋಟ ನೋಡಿ, “ಹಗೇವು ಅದು, ಮೇಡಂ” ಎಂದರು. ಕಾಳು ತುಂಬಿಡುವ ನೆಲಗುಂಡಿಯ ಆಕಾರ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದರ ಬಾಯಿ ಎರಡನೇ ಪದರದ ಬುಡದಲ್ಲಿದೆ, ತಳ ಗರಸಿನಲ್ಲಿ. ಅಂದರೆ ಮೂರು, ನಾಲ್ಕು ಪದರಗಳು ಕೂಡಿದ ಮೇಲೆ ಅಗೆದದ್ದು. ಬರೀ ಆಳ ಬರೆದುಕೊಂಡರೆ ಅದರೊಳಗಿನ ಮಡಕೆ ಚೂರು ನಾಲ್ಕನೇ ಪದರದ ಚೂರಿನ ಪಕ್ಕ ಕುಳಿತು, ಸಾವಿರಾರು ವರ್ಷಗಳ ಅಂತರವನ್ನೂ ನುಂಗಿಬಿಡಬಹುದು. ಹಾಗಾಗಿ ತುಂಬಿದ ಮಣ್ಣನ್ನು ಮೊದಲು ತೆಗೆದು, ಬೇರೆ ಚೀಲ, ಬೇರೆ ಚೀಟಿ. ಖಾಲಿಯಾದ ಕುಳಿಗೂ ಒಂದು ಸಂಖ್ಯೆ. ಇಲ್ಲದ ಮಣ್ಣಿಗೂ ದಾಖಲೆ ಬರೆಯುವ ಕೆಲಸ ನಮ್ಮದು.

ಎರೆಭೂಮಿಯದು ಇನ್ನೊಂದು ತಕರಾರು. ಬೇಸಿಗೆಯಲ್ಲಿ ಅದು ಬಿರಿದರೆ ಮೇಲಿನ ಮಣಿ, ಚೂರು ಸೀಳಿನೊಳಗೆ ಜಾರುತ್ತವೆ. ಕೆಳಪದರದಲ್ಲಿ ಒಂಟಿ ಮಣಿ ಸಿಕ್ಕಿತೆಂದು ಕುಣಿಯುವವರನ್ನು ಕಂಡರೆ ನನಗೆ ಅನುಮಾನ.

ಇನ್ನು ನಕ್ಷೆ. ಮಟ್ಟ ನೋಡಿ ದಾರ ಕಟ್ಟಿ, ಇಪ್ಪತ್ತು ಸೆಂಟಿಮೀಟರಿಗೊಮ್ಮೆ ದಾರದಿಂದ ಗೆರೆಯವರೆಗಿನ ಅಳತೆಯನ್ನು ಗೆಳತಿ ಕೂಗುತ್ತಾಳೆ, ನಾನು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತೇನೆ. ಬಣ್ಣಕ್ಕೆ, ಮಣ್ಣಿನ ಬಣ್ಣಗಳ ಮಾದರಿ ಇರುವ ಮನ್ಸೆಲ್ ಪುಸ್ತಕವಿದೆ. ನನ್ನ ‘ಬೂದು’ ಅವಳಿಗೆ ‘ಕಂದು’ ಆಗುವ ಜಗಳ ಅಲ್ಲಿಗೆ ಮುಗಿಯುತ್ತದೆ.

ಮುಗಿಯದ ಜಗಳವೂ ಒಂದಿದೆ. ಮೂರನೇ ಪದರದೊಳಗಿನ ಈ ತೆಳುವಾದ ಗಟ್ಟಿ ಪಟ್ಟಿ ಮನೆಯ ನೆಲ ಎಂದು ಅವಳ ವಾದ. ಮಳೆ ನೀರು ನಿಂತು ಕೂತ ಮಣ್ಣು ಎಂದು ನನ್ನದು. ಸದ್ಯಕ್ಕೆ ತುಂಡು ಗೆರೆ ಎಳೆದು, ಎರಡೂ ಅಭಿಪ್ರಾಯಗಳನ್ನು ಅಂಚಿನಲ್ಲಿ ಬರೆದಿಟ್ಟಿದ್ದೇವೆ.